ಉಪೇಕ್ಷಿತವಾದ ಒಂದು ಧ್ವನಿಮುದ್ರಿಕೆ: ಡೀಪ್ ಪರ್ಪಲ್ ಮೇಳದ ‘ಕಮ್ ಟೇಸ್ಟ್ ದ ಬ್ಯಾಂಡ್’

ಇಂಗ್ಲೆಂಡಿನ ಡೀಪ್ ಪರ್ಪಲ್ ಎಂಬ ವಾದ್ಯಮೇಳವು ಕ್ರಿ.ಶ. ೧೯೭೫ರಲ್ಲಿ ಹೊರಡಿಸಿದ ‘ಕಮ್ ಟೇಸ್ಟ್ ದ ಬ್ಯಾಂಡ್’ ಎಂಬ ಧ್ವನಿಮುದ್ರಿಕೆಯ ವಿಷಯದಲ್ಲಿ ಬಹುಕಾಲದಿಂದ ಒಂದು ಅಭಿಪ್ರಾಯವು ರೂಢವಾಗಿದೆ. ಕೃತಿಯು ಸ್ವತಃ ಕೆಟ್ಟುದಲ್ಲವೆಂದೂ, ಆದರೆ ಅದು ಡೀಪ್ ಪರ್ಪಲ್ ಎಂಬ ಹೆಸರಿಗೆ ಹೊಂದತಕ್ಕುದಲ್ಲವೆಂದೂ ಆ ಅಭಿಪ್ರಾಯದ ಸಾರ. ಇಂತಹ ತೀರ್ಪು ಕೇಳುವುದಕ್ಕೆ ಸೌಮ್ಯವಾಗಿದ್ದರೂ ಪರಿಣಾಮದಲ್ಲಿ ಕಠೋರವಾದುದು. ಕೆಟ್ಟ ಕೃತಿಯೆಂದರೆ ಪ್ರತಿವಾದಕ್ಕೆ ಎಡೆಯುಂಟು. ಒಳ್ಳೆಯದೇ ಆದರೂ ಇಲ್ಲಿಯದಲ್ಲವೆಂದರೆ ಕೃತಿಗೆ ನಿಲ್ಲುವುದಕ್ಕೆ ನೆಲವೇ ಇಲ್ಲದಂತಾಗುತ್ತದೆ. ಆದಕಾರಣ ಈ ಅಭಿಪ್ರಾಯಕ್ಕೆ ಆಧಾರವೇನು, ಅದು ಕೃತಿಯನ್ನು ಕೇಳಿ ಹುಟ್ಟಿದುದೋ ಅಥವಾ ಮೇಲಿನ ಹೆಸರನ್ನು ಓದಿ ಹುಟ್ಟಿದುದೋ ಎಂಬುದನ್ನು ವಿಚಾರಿಸುವುದು ಯುಕ್ತವಾಗಿದೆ.

ವಿದ್ಯುಚ್ಛಕ್ತಿಯಿಂದ ನಾದವನ್ನು ಹಿಗ್ಗಿಸಿದ ಗಿಟಾರು, ಬಾಸ್ ಗಿಟಾರು, ಡ್ರಮ್ ಇವುಗಳ ಸಂಘಾತದಿಂದ, ಅಮೆರಿಕದ ಕಪ್ಪು ಜನರ ಬ್ಲೂಸ್ ಗಾನಪದ್ಧತಿಯನ್ನು ತಳಹದಿಯಾಗಿ ಮಾಡಿಕೊಂಡು, ೧೯೬೦ರ ದಶಕದ ಅಂತ್ಯಭಾಗದಲ್ಲಿ ರೂಪುಗೊಂಡ ಉಚ್ಚಧ್ವನಿಯ ಸಂಗೀತಕ್ಕೆ ಹಾರ್ಡ್ ರಾಕ್ ಎಂದು ಹೆಸರು. ಚಿಕ್ಕದೊಂದು ಸ್ವರಗುಚ್ಛವನ್ನು ಪುನಃಪುನಃ ನುಡಿಸಿ ಅದರ ಮೇಲೆ ಹಾಡನ್ನು ಕಟ್ಟುವುದು ಇದರ ಮುಖ್ಯ ಲಕ್ಷಣ. ಆ ಸ್ವರಗುಚ್ಛಕ್ಕೆ ರಿಫ್ ಎಂದು ಸಂಜ್ಞೆ. ಈ ಮಾರ್ಗದ ಪ್ರವರ್ತಕರಲ್ಲಿ ಡೀಪ್ ಪರ್ಪಲ್ ಮೇಳದವರು ಅಗ್ರಗಣ್ಯರು. ೧೯೬೮ರಲ್ಲಿ ಮೇಳವು ಹುಟ್ಟಿದಾಗ ಅದರಲ್ಲಿದ್ದ ಐವರಲ್ಲಿ ಆರ್ಗನ್ ವಾದಕನಾದ ಜಾನ್ ಲಾರ್ಡ್, ಗಿಟಾರು ವಾದಕನಾದ ರಿಚಿ ಬ್ಲ್ಯಾಕ್‌ಮೋರ್, ಡ್ರಮ್ ವಾದಕನಾದ ಇಯನ್ ಪೇಸ್ ಎಂಬ ಮೂವರು ಮುಖ್ಯರು. ೧೯೬೯ರಲ್ಲಿ ಗಾಯಕನಾದ ಇಯನ್ ಗಿಲನ್ನನೂ ಬಾಸ್ ವಾದಕನಾದ ರೋಜರ್ ಗ್ಲವರನೂ ಬಂದು ಸೇರಿದರು. ‘ಇನ್ ರಾಕ್’ (೧೯೭೦), ‘ಮಷೀನ್ ಹೆಡ್’ (೧೯೭೨) ಎಂಬ ಪ್ರಖ್ಯಾತ ಕೃತಿಗಳು ಈ ಎರಡನೆಯ ಸಮುದಾಯದವು. ೧೯೭೩ರಲ್ಲಿ ಗಿಲನ್ನನೂ ಗ್ಲವರನೂ ಹೊರಟುಹೋದರು. ಅವರ ಸ್ಥಾನಕ್ಕೆ ಡೇವಿಡ್ ಕವರ್‌ಡೇಲ್, ಗ್ಲೆನ್ ಹ್ಯೂಸ್ ಎಂಬವರು ಬಂದರು. ಈ ಮೂರನೆಯ ಸಮುದಾಯವು ‘ಬರ್ನ್’, ‘ಸ್ಟಾರ್ಮ್‌ಬ್ರಿಂಗರ್’ ಎಂಬ ಎರಡು ಕೃತಿಗಳನ್ನು ೧೯೭೪ರಲ್ಲಿಯೇ ಹೊರಡಿಸಿತು. ಹ್ಯೂಸನು ಸೋಲ್, ಫಂಕ್ ಮುಂತಾದ ಅಮೆರಿಕದ ನೃತ್ಯಪ್ರಧಾನವಾದ ಗಾನಮಾರ್ಗಗಳಲ್ಲಿ ಆಸಕ್ತನು. ಈ ಒಲವು ಬ್ಲ್ಯಾಕ್‌ಮೋರನಿಗೆ ಹಿಡಿಸಲಿಲ್ಲ. ೧೯೭೫ನೆಯ ಏಪ್ರಿಲ್ ತಿಂಗಳಲ್ಲಿ ಪ್ಯಾರಿಸ್ಸಿನ ಕಚೇರಿಯಾದ ಮೇಲೆ ಅವನು ಮೇಳವನ್ನು ಬಿಟ್ಟು ರೇನ್‌ಬೋ ಎಂಬ ಬೇರೊಂದು ಮೇಳವನ್ನು ನಡೆಯಿಸತೊಡಗಿದನು.

ಇಷ್ಟರಿಂದಲೇ ಒಂದು ಅಂಶವು ಸ್ಫುಟವಾಗುತ್ತದೆ. ಡೀಪ್ ಪರ್ಪಲ್ ಎಂಬ ಶಬ್ದಕ್ಕೆ ಸ್ಥಿರವಾದ ಒಂದೇ ವಾಚ್ಯಾರ್ಥವು ಎಂದೂ ಇದ್ದುದಿಲ್ಲ. ಏಳು ವರ್ಷಗಳಲ್ಲಿ ಮೂರು ಸಲ ಮೇಳದ ಸ್ವರೂಪವು ಬದಲಾಯಿತು. ಗಿಲನ್ನನು ಹೋದಾಗ ಬಿಡದ ಹೆಸರು ಬ್ಲ್ಯಾಕ್‌ಮೋರನು ಹೋದಕೂಡಲೆ ಮಾತ್ರ ಬಿಟ್ಟುಹೋಯಿತೆಂಬುದಕ್ಕೆ ಗಿಟಾರು ವಾದಕನಲ್ಲಿ ಶ್ರೋತೃಗಳಿಗಿದ್ದ ಪಕ್ಷಪಾತವಲ್ಲದೆ ಬೇರೆ ಹೇತು ಕಾಣುವುದಿಲ್ಲ.

ಬ್ಲ್ಯಾಕ್‌ಮೋರನ ಸ್ಥಾನಕ್ಕೆ ಬಂದವನು ಅಮೆರಿಕದ ಅಯೋವಾ ಪ್ರಾಂತದ ಸೂ ಸಿಟಿಯಲ್ಲಿ ೧೯೫೧ನೆಯ ಆಗಸ್ಟ್ ೧ರಂದು ಹುಟ್ಟಿದ ಟಾಮಿ ಬೋಲಿನ್. ಬಿಲಿ ಕೋಬಮ್ ಎಂಬ ಡ್ರಮ್ ವಾದಕನ ‘ಸ್ಪೆಕ್ಟ್ರಮ್’ (೧೯೭೩) ಎಂಬ ಕೃತಿಯಲ್ಲಿ ಇವನು ನುಡಿಸಿದ ಗಿಟಾರನ್ನು ಕೇಳಿ ಕವರ್‌ಡೇಲನು ಇವನ ಹೆಸರನ್ನು ಸೂಚಿಸಿದನೆಂದು ತಿಳಿದುಬರುತ್ತದೆ. ಆ ಕೃತಿಯು ಜಾಸ್ ಮತ್ತು ರಾಕ್‌ಗಳ ಸಂಕರದಿಂದ ಆದುದು. ಅಲ್ಲಿ ಬೋಲಿನ್ನನಿಗೆ ಗೀತದ ಆಸರೆಯಿಲ್ಲದೆ, ಕ್ಲಿಷ್ಟವಾದ ತಾಳಗಳ ನಡುವೆ ದಾರಿಯನ್ನು ಹುಡುಕಿಕೊಳ್ಳುವ ಅಭ್ಯಾಸವಾಗಿದ್ದಿತು. ಬ್ಲ್ಯಾಕ್‌ಮೋರನ ಶೈಲಿಯು ಇದಕ್ಕೆ ಬಹುಮಟ್ಟಿಗೆ ವಿರುದ್ಧವಾದುದು. ಅವನು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಆರೋಹಾವರೋಹಗಳನ್ನು ಹೆಚ್ಚಾಗಿ ಬಳಸುವವನು; ಅವನ ವಾದನದಲ್ಲಿ ಗೆರೆ ಎಳೆದಂತಹ ಖಚಿತತೆಯುಂಟು. ಬೋಲಿನ್ನನಾದರೋ ಸ್ವರವನ್ನು ಜಾರಿಸುವುದರಲ್ಲಿಯೂ, ನುಡಿಸಿದ ಸ್ವರವನ್ನೇ ಪ್ರತಿಧ್ವನಿಯಾಗಿ ಮರಳಿಸುವ ಎಕೋಪ್ಲೆಕ್ಸ್ ಎಂಬ ಯಂತ್ರವನ್ನು ವಾದ್ಯದ ಅಂಗವೆಂಬಂತೆ ಉಪಯೋಗಿಸುವುದರಲ್ಲಿಯೂ ನಿಪುಣನಾಗಿದ್ದನು.

೧೯೭೫ನೆಯ ಆಗಸ್ಟಿನಲ್ಲಿ ಜರ್ಮನಿಯ ಮ್ಯೂನಿಕ್ ನಗರದ ಮ್ಯೂಸಿಕ್‌ಲ್ಯಾಂಡ್ ಮುದ್ರಣಶಾಲೆಯಲ್ಲಿ, ಮಾರ್ಟಿನ್ ಬರ್ಚ್ ಎಂಬವನ ಸಹಾಯದಿಂದ ಕೃತಿಯು ಮುದ್ರಿತವಾಯಿತು. ಸುಮಾರು ೩೭ ನಿಮಿಷಗಳ ಒಂಬತ್ತು ಭಾಗಗಳು. ಅವುಗಳ ಕರ್ತೃತ್ವವನ್ನು ಪರಿಶೀಲಿಸಿದರೆ ಕೃತಿಯ ಅಂತರಂಗವು ಬಹಳಮಟ್ಟಿಗೆ ಬೆಳಕಿಗೆ ಬರುತ್ತದೆ. ಹೊಸಬನಾದ ಬೋಲಿನ್ನನ ಹೆಸರು ಒಂಬತ್ತರಲ್ಲಿ ಏಳು ಭಾಗಗಳಿಗೆ ಸಂಬಂಧಿಸಿದೆ. ಸ್ಥಾಪಕರಲ್ಲಿ ಉಳಿದಿದ್ದ ಲಾರ್ಡನ ಹೆಸರೂ ಪೇಸನ ಹೆಸರೂ ಒಂದೊಂದು ಕಡೆಯಲ್ಲಿ ಮಾತ್ರ ಕಾಣುತ್ತದೆ. ‘ಲೇಡಿ ಲಕ್’ ಎಂಬ ಹಾಡಾದರೋ ಬೋಲಿನ್ನನು ಹಿಂದೆ ಅಮೆರಿಕದಲ್ಲಿ ಹಾಡಿಕೊಂಡಿದ್ದುದು. ಅವನ ಮಿತ್ರನಾದ ಜೆಫ್ ಕುಕ್ ಎಂಬವನ ರಚನೆಗೆ ಕವರ್‌ಡೇಲನು ಮಾತುಗಳನ್ನು ಹೊಸದಾಗಿ ಕೂಡಿಸಿದನು. ಇದಕ್ಕೆ ವ್ಯತಿರಿಕ್ತವಾಗಿ, ಕಟ್ಟಕಡೆಯಲ್ಲಿರುವ ‘ಯೂ ಕೀಪ್ ಆನ್ ಮೂವಿಂಗ್’ ಎಂಬುದು ಬೋಲಿನ್ನನು ಬರುವುದಕ್ಕೆ ಎರಡು ವರ್ಷ ಮೊದಲೇ ಕವರ್‌ಡೇಲನೂ ಹ್ಯೂಸನೂ ಸೇರಿ ರಚಿಸಿದ್ದು. ‘ಬರ್ನ್’ ಕೃತಿಗೆ ಅದನ್ನು ಸೇರಿಸಬೇಕೆಂದು ಅವರು ಬಯಸಿದ್ದರೂ ಬ್ಲ್ಯಾಕ್‌ಮೋರನು ಒಪ್ಪಿರಲಿಲ್ಲ. ಆದುದರಿಂದ ಈ ಕೃತಿಯಲ್ಲಿ ಹಳೆಯ ಪದರವೂ ಹೊಸ ಪದರವೂ ಒಂದರ ಮೇಲೊಂದು ಕುಳಿತಿವೆ; ಎಲ್ಲಕ್ಕಿಂತ ಹಳೆಯದೇ ಎಲ್ಲಕ್ಕೂ ಕೊನೆಗೆ ಬಂದಿದೆ.

ಗ್ರಂಥತಾತ್ಪರ್ಯವನ್ನು ನಿರ್ಣಯಿಸುವಾಗ ಮೀಮಾಂಸಕರು ಉಪಕ್ರಮೋಪಸಂಹಾರಗಳನ್ನು ಮೊದಲು ನೋಡುತ್ತಾರೆ. ಆ ರೀತಿಯಲ್ಲಿ ನೋಡಿದರೆ ಇಲ್ಲಿ ಐಕರೂಪ್ಯವಿಲ್ಲ. ಉಪಕ್ರಮದಲ್ಲಿರುವ ‘ಕಮಿನ್ ಹೋಮ್’ ಮನೆಗೆ ಹಿಂತಿರುಗುವವನ ಮಾತು. ಉಪಸಂಹಾರವು ನಿಲ್ಲದೆ ಮುಂದಕ್ಕೆ ಸಾಗುವವನ ಮಾತು. ಮೊದಲನೆಯದು ಓಟ, ಕೊನೆಯದು ನಿಧಾನ. ಇನ್ನೂ ಒಂದು ವಿಶೇಷವುಂಟು. ಮೊದಲನೆಯ ಹಾಡು ಸಿದ್ಧವಾಗುವ ವೇಳೆಗೆ ಹ್ಯೂಸನು ಅಸ್ವಸ್ಥನಾಗಿ ಇಂಗ್ಲೆಂಡಿಗೆ ಮರಳಿದ್ದನು. ಅದರಲ್ಲಿ ಬಾಸ್ ಗಿಟಾರನ್ನೂ ಬೋಲಿನ್ನನೇ ನುಡಿಸಿದನು. ಕೊನೆಯ ಹಾಡಿನಲ್ಲಿ ಹ್ಯೂಸನ ಬಾಸ್ ನಾದವೇ ಬಾಗಿಲನ್ನು ತೆರೆಯುತ್ತದೆ. ಅವನ ಉಚ್ಚಕಂಠವೂ ಕವರ್‌ಡೇಲನ ಮಂದ್ರಕಂಠವೂ ಜೊತೆಯಾಗಿ ಏರುತ್ತವೆ, ಲಾರ್ಡನ ಆರ್ಗನ್ ಬಹುಕಾಲದ ಮೇಲೆ ತನ್ನ ಪೂರ್ವದ ಗಾಂಭೀರ್ಯವನ್ನು ಪಡೆಯುತ್ತದೆ. ಒಂದೇ ಕೃತಿಯ ಎರಡು ತುದಿಗಳು ಎರಡು ಮೇಳಗಳವೆಂಬಂತೆ ತೋರುತ್ತವೆ.

ಹೀಗಿರುವಾಗ ಇದನ್ನು ಪ್ರಬಂಧಕಾವ್ಯದಂತೆ ಅಳೆದು, ಏಕವಾಕ್ಯತೆಯಿಲ್ಲವೆಂದು ದೂರುವುದು ಸಾಧುವಲ್ಲ. ಇದು ಮುಕ್ತಕಗಳ ಸಂಗ್ರಹ. ಮುಕ್ತಕಗಳೆಂದ ಮೇಲೆ ಎಲ್ಲವೂ ಸಮಾನವಾಗಿರಬೇಕೆಂಬ ನಿರ್ಬಂಧವೂ ಇಲ್ಲ. ‘ಐ ನೀಡ್ ಲವ್’ ಸಾಧಾರಣವಾದುದು. ‘ಡ್ರಿಫ್ಟರ್’ ಅದಕ್ಕಿಂತ ಸ್ವಲ್ಪ ಮೇಲು. ‘ಲವ್ ಚೈಲ್ಡ್’ ಹಾಡಿನ ರಿಫ್ ಬಲವಾದುದಾದರೂ ಮಾತುಗಳಲ್ಲಿ ಸ್ವಾರಸ್ಯವಿಲ್ಲ. ಆದರೆ ‘ಗೆಟಿಂಗ್ ಟೈಟರ್’ ಎಂಬುದು ಬೇರೆಯೇ ದರ್ಜೆಗೆ ಸೇರುತ್ತದೆ. ಹ್ಯೂಸನು ಹಾಡುವ ಈ ಹಾಡಿನ ಮಧ್ಯದಲ್ಲಿ ರಾಕ್‌ನ ನೇರವಾದ ನಡಿಗೆಯು ತಟ್ಟನೆ ನಿಂತು, ಒಡೆದೊಡೆದು ಬೀಳುವ ಫಂಕ್ ನಡಿಗೆಯು ಆರಂಭವಾಗಿ, ಮತ್ತೆ ಮೊದಲಿನ ನಡಿಗೆಯು ಏನೂ ಆಗದಂತೆ ಬಂದು ಸೇರುತ್ತದೆ. ಹಿಂದಿನ ಸಮುದಾಯದಲ್ಲಿ ಯಾವ ಒಲವು ಕಲಹಕ್ಕೆ ಕಾರಣವಾಗಿದ್ದಿತೋ ಅದೇ ಇಲ್ಲಿ ಕೂಡುಬಾಳಿನ ಸೂತ್ರವಾಗಿದೆ.

‘ಓಡ್ ಟು ಜಿ’ ಎಂಬ ಭಾಗದ ಹೆಸರು ಶ್ಲೇಷಪ್ರಿಯರಿಗೆ ರುಚಿಸತಕ್ಕುದು. ಆಂಗ್ಲಭಾಷೆಯಲ್ಲಿ ಉಚ್ಚಾರಣೆಯಿಂದ ಅದು ಸ್ತುತಿಗೀತವೆಂದಾಗುತ್ತದೆ. ಅಕ್ಷರಗಳನ್ನು ನೋಡಿದರೆ ಋಣವೆಂದಾಗುತ್ತದೆ. ‘ಜಿ’ ಎಂಬುದು ಅಮೆರಿಕದ ಸಂಗೀತಕಾರನಾದ ಜಾರ್ಜ್ ಗೆರ್ಶ್ವಿನ್ನನ ಸಂಕೇತ. ಇದಕ್ಕೆ ಮೊದಲು ಸೇರಿಕೊಂಡಿರುವ ‘ದಿಸ್ ಟೈಮ್ ಅರೌಂಡ್’ ಭಾಗದಲ್ಲಿ ಲಾರ್ಡನ ವಾದ್ಯಗಳೂ ಹ್ಯೂಸನ ಕಂಠವೂ ಎಲ್ಲವನ್ನೂ ಹೊತ್ತು ನಡೆಯುತ್ತವೆ. ಅದು ಮುಗಿಯುತ್ತಲೇ ಬೋಲಿನ್ನನ ಗಿಟಾರುಗಳು ಪದರಪದರವಾಗಿ ಏರಿಬರುತ್ತವೆ. ಹಾಡಿನಿಂದ ವಾದನಕ್ಕೆ ಸಾಗುವ ಈ ಸಂಧಿಯೇ ಕೃತಿಯ ಅತ್ಯುತ್ತಮ ಸ್ಥಳವೆಂದು ಹೇಳಬಹುದು.

ಇನ್ನು ‘ಡೀಲರ್’ ಎಂಬ ಹಾಡು. ಮಾದಕ ದ್ರವ್ಯವನ್ನು ಮಾರುವವನನ್ನು ಕುರಿತು, ಅವನ ಕೈಗೆ ಸಿಕ್ಕಿದವನಿಗೆ ಹೇಳುವ ಎಚ್ಚರಿಕೆ ಇದರ ವಸ್ತು. ಕವರ್‌ಡೇಲನು ಹಾಡುವ ಇದರ ನಡುವಿನ ಒಂದು ಖಂಡವನ್ನು ಬೋಲಿನ್ನನೇ ಮೃದುವಾದ ಕಂಠದಿಂದ ಹಾಡಿದ್ದಾನೆ. ೧೯೭೬ನೆಯ ಡಿಸೆಂಬರ್ ೪ರಂದು ಮಯಾಮಿಯಲ್ಲಿ, ಹಿಂದಿನ ರಾತ್ರಿ ಜೆಫ್ ಬೆಕ್ಕನ ಕಚೇರಿಗೆ ಪೂರ್ವರಂಗವಾಗಿ ನುಡಿಸಿದ್ದ ಬೋಲಿನ್ನನು ಅಂತಹ ದ್ರವ್ಯಗಳ ಸೇವನೆಯಿಂದಲೇ ಇಪ್ಪತ್ತೈದನೆಯ ವಯಸ್ಸಿನಲ್ಲಿ ಮೃತನಾದನು. ಆ ಖಂಡವನ್ನು ಇದನ್ನು ಮರೆತು ಕೇಳುವುದು ಈಗ ಯಾರಿಂದಲೂ ಶಕ್ಯವಲ್ಲ.

ಕೃತಿಯ ಉದ್ದಕ್ಕೂ ಅಭ್ಯಾಸವಾಗಿ, ಎಂದರೆ ಪುನಃಪುನಃ ಬಂದು ಅರ್ಥವನ್ನು ಕಟ್ಟುವುದಾಗಿ, ಕಾಣಿಸುವುದು ರಾಗಾಂಶವಲ್ಲ, ಗತಿ. ಆ ಗತಿಯ ಕರ್ತೃವು ಇಯನ್ ಪೇಸ್. ೧೯೬೮ರಿಂದ ಮೇಳದ ಪ್ರತಿಯೊಂದು ಕೃತಿಯಲ್ಲಿಯೂ ನುಡಿಸಿದವನು ಇವನು. ಹಾಡು ರಚಿಸಿದವರ ಪಟ್ಟಿಯಲ್ಲಿ ಒಂದೇ ಸಲ ಹೆಸರು ಬಂದಿದ್ದರೂ, ಇಂಗ್ಲೆಂಡಿನ ಹಳೆಯ ಮೇಳವನ್ನೂ ಅಮೆರಿಕದ ಹೊಸಬನನ್ನೂ ಬೆಸೆದದ್ದು ಇವನ ಕೈ. ಕೃತಿಯು ಡೀಪ್ ಪರ್ಪಲ್ಲಿನದೆಂಬುದಕ್ಕೆ ಕುರುಹು ಬೇಕಾದವರು ಗಿಟಾರಿನಲ್ಲಿ ಹುಡುಕಿ ನಿರಾಶರಾದರು. ಡ್ರಮ್ಮಿನಲ್ಲಿ ಹುಡುಕಲೇ ಇಲ್ಲ.

ನಮ್ಮ ದೇಶದಲ್ಲಿ ಒಬ್ಬರ ಕೃತಿಯನ್ನು ಮತ್ತೊಬ್ಬರು ಮುಂದುವರಿಸಿದುದಕ್ಕೆ ನಿದರ್ಶನಗಳು ಉಂಟಷ್ಟೆ. ಜಿನಸೇನಾಚಾರ್ಯರು ೪೨ ಪರ್ವಗಳನ್ನು ಪೂರೈಸಿ ಬಿಟ್ಟುಹೋದ ಆದಿಪುರಾಣವನ್ನು ಗುಣಭದ್ರಾಚಾರ್ಯರು ಮುಗಿಸಿ ಉತ್ತರಪುರಾಣವನ್ನೂ ರಚಿಸಿದರು. ಎರಡೂ ಸೇರಿ ಮಹಾಪುರಾಣವೆನಿಸಿತು. ಉತ್ತರಭಾಗವು ಆ ಹೆಸರಿಗೆ ಸಲ್ಲದೆಂದು ಯಾರೂ ಹೇಳಲಿಲ್ಲ. ಆದರೆ ಈ ದೃಷ್ಟಾಂತವು ಸರ್ವಾಂಶದಲ್ಲಿ ಹೊಂದುವುದಿಲ್ಲ. ಗುಣಭದ್ರರು ಗುರುವಿನ ಯೋಜನೆಯೊಳಗೆ ನಡೆದ ಶಿಷ್ಯರು. ಬೋಲಿನ್ನನು ಬ್ಲ್ಯಾಕ್‌ಮೋರನಿಗೆ ಶಿಷ್ಯನೂ ಅಲ್ಲ, ಅನುಯಾಯಿಯೂ ಅಲ್ಲ. ಅನುಕರಿಸುವ ಇಚ್ಛೆ ಅವನಿಗಿದ್ದಂತೆಯೂ ತೋರುವುದಿಲ್ಲ.

೧೯೭೫ನೆಯ ವರ್ಷದ ಕೊನೆಯಲ್ಲಿ ಪ್ರಕಟವಾದ ಈ ಕೃತಿಯು ಇಂಗ್ಲೆಂಡಿನ ಮಾರಾಟದ ಪಟ್ಟಿಯಲ್ಲಿ ೧೯ನೆಯ ಸ್ಥಾನಕ್ಕೂ ಅಮೆರಿಕದಲ್ಲಿ ೪೩ನೆಯ ಸ್ಥಾನಕ್ಕೂ ಏರಿ ನಿಂತಿತು. ‘ಬರ್ನ್’ ಇಂಗ್ಲೆಂಡಿನಲ್ಲಿ ೩ನೆಯ ಸ್ಥಾನವನ್ನು ಪಡೆದಿದ್ದಿತೆಂಬುದನ್ನು ನೆನೆದರೆ ಇಳಿತವು ಗೊತ್ತಾಗುತ್ತದೆ. ಇದಕ್ಕಿಂತ ಹೆಚ್ಚಾದ ಹಾನಿಯು ಮುಂದಿನ ಕಚೇರಿಗಳಿಂದಾಯಿತು. ೧೯೭೫ನೆಯ ಡಿಸೆಂಬರಿನಲ್ಲಿ ಮೇಳವು ಟೋಕಿಯೋ ನಗರದಲ್ಲಿ ನುಡಿಸಿದಾಗ ಬೋಲಿನ್ನನ ಎಡಗೈ ಸ್ವಾಧೀನದಲ್ಲಿರಲಿಲ್ಲ. ಅವನ ಪಾಲಿನ ಸ್ವರಗಳನ್ನು ಅನೇಕ ಕಡೆ ಲಾರ್ಡನೇ ತುಂಬಬೇಕಾಯಿತು. ದುರದೃಷ್ಟದಿಂದ ಆ ಕಚೇರಿಯೇ ಮುದ್ರಿತವಾಗಿ ೧೯೭೭ರಲ್ಲಿ ‘ಲಾಸ್ಟ್ ಕನ್ಸರ್ಟ್ ಇನ್ ಜಪಾನ್’ ಎಂಬ ಹೆಸರಿನಿಂದ ಹೊರಬಂದಿತು. ಆ ವೇಳೆಗೆ ವಾದಕನು ಬದುಕಿರಲಿಲ್ಲ. ಹೀಗೆ ಅತ್ಯಂತ ಭ್ರಷ್ಟವಾದ ಪ್ರತಿಯೇ ಮೂಲಪ್ರತಿಯೆಂಬಂತೆ ಬಹುಕಾಲ ಪ್ರಮಾಣವಾಗಿ ನಿಂತಿತು. ೧೯೭೬ನೆಯ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯದ ಲಾಂಗ್ ಬೀಚಿನಲ್ಲಿ ನುಡಿಸಿದ, ಇದಕ್ಕಿಂತ ಎಷ್ಟೋ ಮೇಲಾದ ಕಚೇರಿಯ ಮುದ್ರಿಕೆಯು ೧೯೯೫ರವರೆಗೂ ಬೆಳಕಿಗೆ ಬರಲಿಲ್ಲ.

ಮೇಳವು ೧೯೭೬ನೆಯ ಮಾರ್ಚ್ ೧೫ರಂದು ಲಿವರ್‌ಪೂಲಿನಲ್ಲಿ ಕೊನೆಯ ಕಚೇರಿಯನ್ನು ನಡೆಸಿ ಚದುರಿತು. ೧೯೮೪ರಲ್ಲಿ ಮತ್ತೆ ಕೂಡಿದಾಗ ಬಂದವರು ಎರಡನೆಯ ಸಮುದಾಯದವರು. ಕವರ್‌ಡೇಲ್, ಹ್ಯೂಸ್‌ರ ಕಾಲದ ಹಾಡುಗಳನ್ನು ಗಿಲನ್ನನು ಹಾಡಲಿಲ್ಲ. ಗ್ರಂಥವಿದ್ದೂ ಪಾಠ ಹೇಳುವವರಿಲ್ಲದಂತಹ ಸ್ಥಿತಿ ಈ ಕೃತಿಗೆ ಒದಗಿತು; ಇದರ ಉಪೇಕ್ಷೆಗೆ ಇದೇ ಪ್ರಧಾನ ಕಾರಣವೆಂದು ತೋರುತ್ತದೆ. ಕವರ್‌ಡೇಲನು ತನ್ನ ವೈಟ್‌ಸ್ನೇಕ್ ಮೇಳದವರೊಡನೆ ೨೦೧೫ರಲ್ಲಿ ಹೊರಡಿಸಿದ ‘ದ ಪರ್ಪಲ್ ಆಲ್ಬಮ್’ ಎಂಬುದರಲ್ಲಿ ‘ಲವ್ ಚೈಲ್ಡ್’, ‘ಯೂ ಕೀಪ್ ಆನ್ ಮೂವಿಂಗ್’ ಇವುಗಳಿಗೆ ಎಡೆ ಕೊಟ್ಟನು. ಮರುವರ್ಷವೇ ಅಮೆರಿಕದ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಎಂಬ ಸಂಸ್ಥೆಯು ಡೀಪ್ ಪರ್ಪಲ್ ಮೇಳವನ್ನು ಗೌರವಿಸಿದಾಗ ಮೊದಲ ಮೂರು ಸಮುದಾಯಗಳ ಎಂಟು ಮಂದಿಯ ಹೆಸರುಗಳನ್ನು ಘೋಷಿಸಿತು. ಬೋಲಿನ್ನನ ಹೆಸರು ಅವುಗಳಲ್ಲಿ ಇರಲಿಲ್ಲ. ಮೊದಲ ಸಮುದಾಯದ ಬಾಸ್ ವಾದಕನಾದ ನಿಕ್ ಸಿಂಪರನಿಗೂ ಇದೇ ಗತಿಯಾಯಿತು. ಒಂಬತ್ತರಲ್ಲಿ ಏಳು ಭಾಗಗಳ ಕರ್ತೃವನ್ನು ಬಿಟ್ಟು, ಅದೇ ಕೃತಿಯಲ್ಲಿ ಅವನೊಡನೆ ನುಡಿಸಿದ ನಾಲ್ವರನ್ನು ಎಣಿಸುವ ಪಟ್ಟಿಯು ಯಾವ ನ್ಯಾಯದಿಂದ ಸಿದ್ಧವಾಯಿತೋ ಊಹಿಸುವುದು ಕಷ್ಟ.

೨೦೧೦ರಲ್ಲಿ, ಕೃತಿಯು ಹುಟ್ಟಿ ಮೂವತ್ತೈದು ವರ್ಷವಾದ ನಿಮಿತ್ತ, ಎರಡು ಮುದ್ರಿಕೆಗಳ ಆವೃತ್ತಿಯೊಂದು ಹೊರಟಿತು. ಮೊದಲನೆಯದರಲ್ಲಿ ಮೂಲಪಾಠವೂ, ಎರಡನೆಯದರಲ್ಲಿ ಕೆವಿನ್ ಶರ್ಲಿ ಎಂಬವನು ನಾದಗಳನ್ನು ಹೊಸದಾಗಿ ಹದಗೊಳಿಸಿ ಜೋಡಿಸಿದ ಪಾಠವೂ ಇವೆ. ಹೊಸ ಪಾಠವು ಕಿವಿಗೆ ಹೆಚ್ಚು ನಿಚ್ಚಳವಾಗಿದ್ದರೂ ಅಧ್ಯಯನಕ್ಕೆ ಮೂಲಪಾಠವೇ ಗ್ರಾಹ್ಯ. ಆದರೆ ಈ ಆವೃತ್ತಿಯ ಕೊನೆಯಲ್ಲಿ ಹಿಂದೆ ಪ್ರಕಟವಾಗದ ಒಂದು ವಾದನವುಂಟು. ಅದಕ್ಕೆ ಬೋಲಿನ್ ಮತ್ತು ಪೇಸ್ ಎಂಬ ಎರಡು ಹೆಸರುಗಳನ್ನೇ ಶೀರ್ಷಿಕೆಯಾಗಿ ಕೊಟ್ಟಿದ್ದಾರೆ. ಗತಿಯ ವಿಷಯದಲ್ಲಿ ಮೇಲೆ ಹೇಳಿದುದನ್ನು ಪರೀಕ್ಷಿಸಬೇಕೆನ್ನುವವರು ಅಲ್ಲಿಂದ ತೊಡಗಿ, ಬಳಿಕ ‘ಗೆಟಿಂಗ್ ಟೈಟರ್’ ಹಾಡಿಗೆ ಬರುವುದು ಅನುಕೂಲ.