ಮೊದಲ ಪ್ರದರ್ಶನದಲ್ಲಿ ಸೋತ ಕ್ಷೌರಿಕ

ಇವತ್ತು ‘ದಿ ಬಾರ್ಬರ್ ಆಫ್ ಸೆವಿಲ್’ ಅನ್ನೋ ನಗೆ ಆಪೆರಾದ ಕಥೆ. 1816ರ ಫೆಬ್ರವರಿ 20, ರೋಮ್‌ನ ಆರ್ಜೆಂಟೀನಾ ರಂಗಮಂದಿರ. ಸಂಗೀತ ಕೊಟ್ಟ ರೊಸ್ಸಿನಿಗೆ ಇನ್ನೂ 23 ವರ್ಷ. ಇದೇ ಕಥೆಯನ್ನ ಹಿರಿಯರಾದ ಪೈಸಿಯೆಲ್ಲೊ 1782ರಲ್ಲೇ ಆಪೆರಾ ಮಾಡಿ ಗೆದ್ದಿದ್ದರು. ಅವರಿಗೆ ಗೌರವ ಅಂತ ಹುಡುಗ ಹೆಸರನ್ನೇ ‘ಅಲ್ಮವೀವಾ’ ಅಂತ ಬದಲಿಸಿದ. ಆದ್ರೂ ಜನ ಕೂಗಿ ಗಲಾಟೆ ಎಬ್ಬಿಸಿದರು. ಪೈಸಿಯೆಲ್ಲೊ ಅಭಿಮಾನಿಗಳ ಕೈವಾಡ ಅಂತ ಹೇಳೋದುಂಟು. ಎರಡನೇ ಪ್ರದರ್ಶನಕ್ಕೆ ಅದೇ ಊರು ಚಪ್ಪಾಳೆ ತಟ್ಟಿತು!

ರೊಸ್ಸಿನಿಯ ಕೈಚಳಕ ಕ್ರೆಷೆಂಡೊದಲ್ಲಿದೆ. ಬಸೀಲಿಯೊ ಅನ್ನೋ ಸಂಗೀತದ ಮೇಷ್ಟ್ರು ಚಾಡಿಮಾತಿನ ಮಹಿಮೆ ಹಾಡ್ತಾನೆ ನೋಡಿ, ಪಿಸುಮಾತಿನ ಹಾಗೆ ಶುರುವಾದ ಸಣ್ಣ ಧಾಟಿ ಮತ್ತೆ ಮತ್ತೆ ಬರುತ್ತೆ, ವಾದ್ಯಗಳು ಸೇರ್ತಾ ಹೋಗಿ ಕೊನೆಗೆ ಫಿರಂಗಿ ಹಾರಿಸಿದಂಗೆ! ಗಾಳಿಸುದ್ದಿ ಬೆಳೆಯೋದೂ ಹೀಗೇ ಅಲ್ವಾ?

ಅಂದಹಾಗೆ, ನಾವು ಇವತ್ತು ಕೇಳೋ ಇದರ ಓವರ್ಚರ್ ಹಳೇ ಮಾಲು. 1813ರ ತನ್ನದೇ ಗಂಭೀರ ಆಪೆರಾದಿಂದ ರೊಸ್ಸಿನಿ ಎತ್ತಿಕೊಂಡದ್ದು.