ಫೋರ್ನಾರೀನಾ: ರಾಫೆಲ್ ಮತ್ತು ಅವನ ಪ್ರೇಯಸಿ, ಉತ್ತರಕಾಲದ ಕಲೆಯಲ್ಲಿ

ಇಟಲಿಯ ಪುನರುಜ್ಜೀವನ ಕಾಲದ ವರ್ಣಚಿತ್ರಕಾರ ರಾಫೆಲ್ (1483-1520) ಮತ್ತು ಅವನ ಪ್ರೇಯಸಿ ಎನ್ನಲಾದ ‘ಫೋರ್ನಾರೀನಾ’, ಎಂದರೆ ರೊಟ್ಟಿ ಸುಡುವವನ ಮಗಳು, ಇವರಿಬ್ಬರನ್ನು ವಸ್ತುವಾಗಿಸಿಕೊಂಡು ಹತ್ತೊಂಬತ್ತನೆಯ ಶತಮಾನದಿಂದೀಚೆಗೆ ಬೆಳೆದ ಚಿತ್ರಪರಂಪರೆ. ಅನೇಕ ಬರಹಗಳು ಈ ಪ್ರೇಮಕಥೆಯನ್ನು ರಾಫೆಲನ ಜೀವನಚರಿತ್ರೆಯ ಭಾಗವೆಂದೇ ಹೇಳಿಬಿಡುತ್ತವೆ. ಆದರೆ ಆಕೆಗೆ ಸಂಬಂಧಿಸಿದ್ದೆನ್ನುವ ಮುಖ್ಯ ದಾಖಲೆ ಪ್ರಕಟವಾದದ್ದು 1897ರಲ್ಲಿ. ಆ ವೇಳೆಗೆ ಆಂಗ್ರ್, ಟರ್ನರ್ ಮೊದಲಾದವರ ಚಿತ್ರಗಳು ಬಂದು ದಶಕಗಳೇ ಕಳೆದಿದ್ದವು.

ಮೂಲ ಆಧಾರ ಜಾರ್ಜೊ ವಸಾರಿಯ ಕಲಾವಿದರ ಚರಿತ್ರೆ (1550, ಪರಿಷ್ಕೃತ ಮುದ್ರಣ 1568). ರಾಫೆಲ್ ಸ್ತ್ರೀಲೋಲ, ಬ್ಯಾಂಕರ್ ಅಗೋಸ್ತಿನೊ ಕೀಜಿಯ ಮಹಲಿನ ಕೆಲಸ ಮುಂದೆ ಸಾಗದಿದ್ದಾಗ ರಾಫೆಲನ ಪ್ರೇಯಸಿಯನ್ನೇ ಅಲ್ಲಿಗೆ ಕರೆಸಬೇಕಾಯಿತು, ಕಾರ್ಡಿನಲ್ ಬಿಬ್ಬಿಯೆನಾನ ಬಂಧುವಿನ ಮಗಳೊಡನೆ ಗೊತ್ತಾಗಿದ್ದ ಮದುವೆಯನ್ನು ಆತ ಮುಂದೂಡುತ್ತಲೇ ಹೋದ, ಸಾಯುವ ಮುನ್ನ ಪ್ರೇಯಸಿಯ ಬದುಕಿಗೆ ದಾರಿಮಾಡಿ ಮನೆಯಿಂದ ಕಳುಹಿಸಿಕೊಟ್ಟ ಎಂದೆಲ್ಲ ವಸಾರಿ ಬರೆಯುತ್ತಾನೆ. ಆಕೆಯ ಹೆಸರನ್ನಾಗಲಿ ತಂದೆಯ ಕಸುಬನ್ನಾಗಲಿ ಹೇಳುವುದಿಲ್ಲ. 1568ರ ಮುದ್ರಣದ ಒಂದು ಪ್ರತಿಯ ಅಂಚಿನಲ್ಲಿ ಯಾರೋ ‘ಮಾರ್ಗರೀತಾ’ ಎಂದು ಗುರುತು ಹಾಕಿದ್ದಾರೆ. ‘ಫೋರ್ನಾರೀನಾ’ ಎಂಬ ಹೆಸರು ಬಳಕೆಗೆ ಬಂದದ್ದು ಹದಿನೆಂಟನೆಯ ಶತಮಾನದಲ್ಲಿ; ದೊಮೆನಿಕೊ ಕುನೆಗೊ 1772ರಲ್ಲಿ ಮಾಡಿದ ಕೆತ್ತನೆಚಿತ್ರ ಅದನ್ನು ಹಬ್ಬಿಸಿತು.

ಗೊಂದಲ ಹೆಸರಿಗಷ್ಟೇ ನಿಲ್ಲದೆ ಮುಖಕ್ಕೂ ಅಂಟಿಕೊಂಡಿತು. ಇಂದು ಫೋರ್ನಾರೀನಾ ಎಂದೊಡನೆ ನೆನಪಾಗುವುದು ರೋಮಿನ ಬಾರ್ಬೆರೀನಿ ಅರಮನೆಯಲ್ಲಿರುವ, ಸುಮಾರು 1518-20ರ ಅರೆನಗ್ನ ಚಿತ್ರ. ತಲೆಗೆ ಪಟ್ಟೆಪಟ್ಟೆಯ ಮುಂಡಾಸು, ತೋಳಿನ ನೀಲಿ ಪಟ್ಟಿಯ ಮೇಲೆ ರಾಫೆಲನ ಹೆಸರು. ಇದನ್ನು ಆತನ ಶಿಷ್ಯ ಜೂಲಿಯೊ ರೊಮಾನೊ ಮುಗಿಸಿರಬಹುದು ಎನ್ನುವವರಿದ್ದಾರೆ. ಫ್ಲಾರೆನ್ಸಿನ ಉಫೀಜಿಯಲ್ಲಿರುವ, 1512ರ ತೇದಿಯುಳ್ಳ ಇನ್ನೊಂದು ಸ್ತ್ರೀಚಿತ್ರವೂ ಬಹುಕಾಲ ಫೋರ್ನಾರೀನಾ ಎಂದೇ ಖ್ಯಾತವಾಗಿತ್ತು. ಅದೀಗ ಸೆಬಾಸ್ತಿಯಾನೊ ದೆಲ್ ಪಿಯೊಂಬೊನ ಕೃತಿ ಎಂದು ಮನ್ನಣೆ ಪಡೆದಿದೆ. ಪಿಟ್ಟಿ ಅರಮನೆಯ ‘ಮುಸುಕಿನ ಮಹಿಳೆ’ ಮೂರನೆಯ ಮುಖ. ಹಾಗಾಗಿ ಉತ್ತರಕಾಲದ ಕಲಾವಿದರು ‘ಅವಳನ್ನು’ ಬರೆದಾಗ ಯಾವ ಮುಖವನ್ನು ಮುಂದಿಟ್ಟುಕೊಂಡಿದ್ದರೆಂದು ಒಂದೊಂದು ಚಿತ್ರದಲ್ಲೂ ಬೇರೆಯಾಗಿ ನೋಡಬೇಕಾಗುತ್ತದೆ.

ಈ ವಸ್ತುವನ್ನು ಬೆನ್ನುಬಿಡದೆ ಹಿಡಿದವನು ಫ್ರಾನ್ಸಿನ ಆಂಗ್ರ್ (1780-1867). 1813ರಿಂದ ಕೊನೆಗಾಲದವರೆಗೆ ಇದನ್ನು ಮತ್ತೆ ಮತ್ತೆ ಚಿತ್ರಿಸಿದ. ರೀಗಾ ನಗರದಲ್ಲಿದ್ದ ಮೊದಲ ಪ್ರತಿ 1941ರಲ್ಲಿ ಕಣ್ಮರೆಯಾಯಿತು. 1814ರ ಪ್ರತಿ ಹಾರ್ವರ್ಡ್ ವಿಶ್ವವಿದ್ಯಾಲಯದ ಫಾಗ್ ಸಂಗ್ರಹದಲ್ಲಿದೆ. ಅದರಲ್ಲಿ ತೊಡೆಯ ಮೇಲೆ ಕುಳಿತ ಪ್ರೇಯಸಿಯನ್ನು ರಾಫೆಲ್ ತಬ್ಬಿಕೊಂಡಿದ್ದಾನೆ. ದೃಷ್ಟಿ ಮಾತ್ರ ಪಕ್ಕದ ಚೌಕಟ್ಟಿನಲ್ಲಿ ಅರ್ಧ ಗೀಚಿಟ್ಟ ಅವಳ ಚಿತ್ರದ ಮೇಲಿದೆ. ಅವಳು ನೋಡುವುದು ನಮ್ಮನ್ನು. ಹಿಂದೆ ‘ಕುರ್ಚಿಯ ಮೇಲಿನ ಮಡೋನಾ’ ಇದೆ. ಆ ಮಾತೆಗೂ ಇವಳೇ ರೂಪದರ್ಶಿ ಎಂಬ ಸೂಚನೆ.

ಅವಳ ತಲೆಯ ಮುಂಡಾಸು ಬಾರ್ಬೆರೀನಿ ಚಿತ್ರದ್ದು. ರಾಫೆಲನ ಭಂಗಿಯನ್ನು ಆಂಗ್ರ್ ತಂದದ್ದು ಬಿಂದೊ ಆಲ್ತೊವೀತಿ ಎಂಬ ಬ್ಯಾಂಕರನ ಭಾವಚಿತ್ರದಿಂದ. ರಾಫೆಲ್ ಬರೆದ ಈ ಚಿತ್ರವನ್ನು (ಈಗ ವಾಷಿಂಗ್ಟನ್ ರಾಷ್ಟ್ರೀಯ ಚಿತ್ರಶಾಲೆಯಲ್ಲಿದೆ) ವಸಾರಿಯ ದ್ವಂದ್ವಾರ್ಥದ ವಾಕ್ಯವೊಂದರಿಂದಾಗಿ ಆಗ ಕಲಾವಿದನ ಸ್ವಂತ ಚಿತ್ರವೆಂದು ನಂಬಲಾಗಿತ್ತು. ಪರಂಪರೆಯ ಅತ್ಯಂತ ಪ್ರಸಿದ್ಧ ಚಿತ್ರದಲ್ಲಿ ನಾಯಕಿಯ ಗುರುತೇ ಅನಿಶ್ಚಿತವಾಗಿರುವಾಗ ನಾಯಕನೂ ಬೇರೊಬ್ಬನ ಠೀವಿಯಲ್ಲಿ ಕುಳಿತಿದ್ದಾನೆ. ನೇಪಲ್ಸಿನ ರಾಣಿ ಕರೋಲೀನ್ ಮ್ಯುರಾಳಿಗಾಗಿ ಆಂಗ್ರ್ ಬರೆದ ರಾಫೆಲನ ನಿಶ್ಚಿತಾರ್ಥದ ಚಿತ್ರಕ್ಕೂ (1813-14) ಇಂಥದೇ ಹಿನ್ನೆಲೆ. ಅದರ ಆಕರ 1790ರಲ್ಲಿ ಆಂಜೆಲೊ ಕೊಮೊಲ್ಲಿ ಹಳೆಯ ಹಸ್ತಪ್ರತಿಯೆಂದು ಅಚ್ಚು ಹಾಕಿಸಿದ ಜೀವನಚರಿತ್ರೆ. ವಿದ್ವಾಂಸರು ಅದನ್ನು ನಕಲಿ ಎಂದು ತಳ್ಳಿಹಾಕಿದ್ದಾರೆ.

ರಾಫೆಲ್ ತೀರಿಕೊಂಡು 300 ವರ್ಷ ತುಂಬಿದ 1820ರಲ್ಲಿ ಇಂಗ್ಲಿಷ್ ಚಿತ್ರಕಾರ ಟರ್ನರ್ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಪ್ರದರ್ಶಿಸಿದ ಬೃಹತ್ ಚಿತ್ರದಲ್ಲಿ ಜೋಡಿ ವ್ಯಾಟಿಕನ್ನಿನ ಮೊಗಸಾಲೆಯಲ್ಲಿ ನಿಂತಿದೆ. ಅವರ ಹಿಂದೆ ಕಾಣುವ ಬೆರ್ನೀನಿಯ ಕಂಬಸಾಲು ಕಟ್ಟಲ್ಪಟ್ಟದ್ದು ಹದಿನೇಳನೆಯ ಶತಮಾನದಲ್ಲಿ. ಟರ್ನರನಿಗೆ ಇದು ಗೊತ್ತಿರಲಿಲ್ಲವೆಂದು ನಂಬುವುದು ಕಷ್ಟ.

1897ರಲ್ಲಿ ಅಂತೋನಿಯೊ ವಲೇರಿ ಪ್ರಕಟಿಸಿದ ದಾಖಲೆ ಚರ್ಚೆಯ ದಿಕ್ಕು ಬದಲಿಸಿತು. ಸಿಯೆನಾದ ದಿವಂಗತ ಫ್ರಾನ್ಚೆಸ್ಕೊ ಲೂತಿಯ ಮಗಳು, ವಿಧವೆ ಮಾರ್ಗರೀತಾಳನ್ನು 1520ರ ಆಗಸ್ಟ್ 18ರಂದು ರೋಮಿನ ತ್ರಾಸ್ತೆವೆರೆಯಲ್ಲಿದ್ದ ಸಾಂತಾ ಅಪೊಲ್ಲೋನಿಯಾ ಆಶ್ರಮಕ್ಕೆ ಸೇರಿಸಿಕೊಂಡದ್ದನ್ನು ಅದು ಹೇಳುತ್ತದೆ. ರಾಫೆಲ್ ಸತ್ತದ್ದು ಅದೇ ವರ್ಷದ ಏಪ್ರಿಲ್ 6ರಂದು. ಕಾಲ ಹೊಂದುತ್ತದೆ, ಹೆಸರೂ ಅಂಚಿನ ಟಿಪ್ಪಣಿಗೆ ಹೊಂದುತ್ತದೆ. ರಾಫೆಲನ ಪ್ರಸ್ತಾಪ ಮಾತ್ರ ಅದರಲ್ಲಿಲ್ಲ. ‘ಮಾರ್ಗರೀತಾ ಲೂತಿ’ ಎಂದು ಖಚಿತವಾಗಿ ಬರೆಯುವ ಪುಸ್ತಕಗಳು ಈ ಕೊರತೆಯನ್ನು ಸಾಮಾನ್ಯವಾಗಿ ದಾಟಿಕೊಂಡು ಹೋಗುತ್ತವೆ.

ಇಪ್ಪತ್ತನೆಯ ಶತಮಾನದಲ್ಲಿ ಈ ವಸ್ತುವಿಗೆ ಮರುಜೀವ ಕೊಟ್ಟವನು ಪಿಕಾಸೊ. 1968ರ ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ಮೂಜಾನ್‌ನಲ್ಲಿ ಮಾಡಿದ 347 ಕೆತ್ತನೆಚಿತ್ರಗಳ ಮಾಲೆಯಲ್ಲಿ ಸುಮಾರು ಎರಡು ಡಜನ್ ಈ ಜೋಡಿಯವು. ಆಗವನಿಗೆ 86 ವರ್ಷ. ಆಂಗ್ರನ ಜೋಡಿ ಅಪ್ಪಿಕೊಂಡಷ್ಟಕ್ಕೆ ನಿಂತಿತ್ತು, ಪಿಕಾಸೊನದು ಸಂಭೋಗದಲ್ಲಿದೆ. ಆದರೂ ಚಿತ್ರಕಾರ ಕುಂಚ ಕೆಳಗಿಡುವುದಿಲ್ಲ. ಪರದೆಯ ಮರೆಯಲ್ಲಿ ಇಣುಕುವ ಪೋಪ್, ಮಂಚದಡಿ ಅಡಗಿದ ಮೈಕೆಲಾಂಜೆಲೊ ಸೇರಿ ಪ್ರೇಮಕಥೆ ಪ್ರಹಸನವಾಗುತ್ತದೆ. ಗುರಿ ರಾಫೆಲನಿಗಿಂತ ಆಂಗ್ರ್ ಎಂದು ಓದುವುದೇ ಸರಿ.

ಅಮೆರಿಕದ ಸಿಂಡಿ ಶರ್ಮನ್ 1989ರ ಛಾಯಾಚಿತ್ರವೊಂದರಲ್ಲಿ ಪ್ಲಾಸ್ಟಿಕ್ ಸ್ತನ, ಬಸುರಿನ ಹೊಟ್ಟೆ ಕಟ್ಟಿಕೊಂಡು ತಾನೇ ಫೋರ್ನಾರೀನಾ ಆದಳು. ಇಲ್ಲಿ ಚಿತ್ರಕಾರನಿಗೆ ಜಾಗವಿಲ್ಲ, ರೂಪದರ್ಶಿಯೇ ಕ್ಯಾಮೆರಾದ ಒಡತಿ.

ಹೊಸ ಶತಮಾನದ ಆರಂಭದಲ್ಲಿ ಬಾರ್ಬೆರೀನಿ ಚಿತ್ರವನ್ನು ಶುಚಿಗೊಳಿಸಿ ಪರೀಕ್ಷಿಸಿದಾಗ ಎಡಗೈ ಬೆರಳಲ್ಲಿ ಬಣ್ಣ ಬಳಿದು ಮುಚ್ಚಿದ್ದ ಉಂಗುರ ಕಂಡಿತು. ಗುಟ್ಟಿನ ಮದುವೆ ನಡೆದಿತ್ತೆಂಬ ವಾದ ಹುಟ್ಟಿದ್ದು ಇದರಿಂದ. ಉಂಗುರವೊಂದರಿಂದ ಮದುವೆ ಸಾಬೀತಾಗದು. 2002ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯ ಲೇಖನವೊಂದು ಆಕೆಯ ಎಡಸ್ತನದಲ್ಲಿ ಕ್ಯಾನ್ಸರ್ ಗಡ್ಡೆಯ ಲಕ್ಷಣ ಗುರುತಿಸಿತು. ಪತ್ರಿಕೆಗಳಲ್ಲಿ ಅಷ್ಟಾಗಿ ಚರ್ಚೆಯಾಗದ ಇನ್ನೊಂದು ಸಂಗತಿ ಕಲಾಚರಿತ್ರೆಗೆ ಹೆಚ್ಚು ಬೆಲೆಯುಳ್ಳದ್ದು: ಬೆನ್ನ ಹಿಂದಿನ ಕಡುಹಸಿರು ಗಿಡದ ಕೆಳಗೆ, ಕ್ಷಕಿರಣದಲ್ಲಿ, ಲಿಯೊನಾರ್ಡೊ ಶೈಲಿಯ ನಿಸರ್ಗದೃಶ್ಯವೊಂದಿತ್ತು. ಚಿತ್ರದ ಯೋಜನೆ ನಡುವೆ ಬದಲಾಗಿದ್ದುದಕ್ಕೆ ಅದು ನೇರ ಸಾಕ್ಷಿ.