ಭೀಮಾ ತೀರದ ಬೇಹುಗಾರರು

ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಡೋಣಿ. ಈ ಹೊಳೆಗಳ ನಡುವಣ ಕರಿ ಎರೆಯ ಸೀಮೆಯಲ್ಲಿ ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳಗಳು ಹಬ್ಬಿವೆ. ಇಲ್ಲಿ ಅಡಗಲು ದಟ್ಟ ಕಾಡಿಲ್ಲ. ಬೇಸಿಗೆಯಲ್ಲಿ ದಂಡು ಹೊರಟರೆ ಅದರ ಧೂಳು ಹರದಾರಿ ದೂರಕ್ಕೆ ಕಾಣುತ್ತದೆ. ಮಳೆ ಹಿಡಿದರೆ ಎರೆಯ ಕೆಸರು ತೋಪಿನ ಗಾಲಿಯನ್ನು ಬಿಡುವುದಿಲ್ಲ. ಯಾವ ಕಡವಿನಲ್ಲಿ ಎಷ್ಟು ನೀರು, ಯಾವ ಹಳ್ಳ ರಾತ್ರಿ ದಾಟಲು ಬರುತ್ತದೆ ಎಂಬುದನ್ನು ದೂರದ ಸರದಾರ ಅರಿಯ, ಊರ ಮನುಷ್ಯ ಬಲ್ಲ. ಅದಕ್ಕೇ ಈ ನಾಡಿನಲ್ಲಿ ನಡೆದ ಕಾಳಗಗಳ ಗತಿಯನ್ನು ಅನೇಕ ಸಲ ನಿರ್ಧರಿಸಿದ್ದು ನೆಲ ಬಲ್ಲವರು ತಂದ ಸುದ್ದಿ.

1564ರ ಡಿಸೆಂಬರಿನ ಕೊನೆಯಲ್ಲಿ ದಖ್ಖನಿನ ಸುಲ್ತಾನರ ಕೂಡುದಂಡು ತಾಳಿಕೋಟೆಯಲ್ಲಿ ಬೀಡುಬಿಟ್ಟಿತು. ಕೃಷ್ಣೆಯ ಗುಂಟ ಬೇಹಿಗೆ ಹೋದವರು ತಂದ ವರದಿ ನಿರಾಶೆಯದು: ದಂಡು ದಾಟಬಲ್ಲ ಕಡವು ಇಂಗಳಗಿಯದು, ಅದರ ಎದುರು ದಂಡೆಯಲ್ಲಿ ವಿಜಯನಗರದವರು ಮಣ್ಣಿನ ಗೋಡೆ ಎಬ್ಬಿಸಿ ತೋಪು ಹೂಡಿದ್ದಾರೆ. ಇತಿಹಾಸಕಾರ ಫಿರಿಸ್ತಾ ಬರೆದಿಟ್ಟಂತೆ, ಸುಲ್ತಾನರು ಬೇರೊಂದು ಕಡವು ಹುಡುಕುವವರ ಹಾಗೆ ದಂಡೆಯ ಗುಂಟ ನಡೆದರು. ಆಚೆ ದಂಡೆಯ ಕಾವಲುಪಡೆಯೂ ಜಾಗ ಬಿಟ್ಟು ಅವರಿಗೆ ಸರಿಯಾಗಿ ಸಾಗಿತು. ಮೂರು ದಿನವಾದ ಮೇಲೆ ಕೂಡುದಂಡು ರಾತ್ರಿ ಹಿಂದಿರುಗಿ, ಬರಿದಾಗಿದ್ದ ಕಡವಿನಲ್ಲಿ ಹೊಳೆ ದಾಟಿತು. 1565ರ ಜನವರಿಯಲ್ಲಿ ನಡೆದ ರಕ್ಕಸಗಿ-ತಂಗಡಗಿಯ ಯುದ್ಧವನ್ನು ಕುರಿತು ಬರೆದವರು ವಿಜಯನಗರದ ರಾಮರಾಯನ ಪತನವನ್ನು ವಿವರಿಸಿದಷ್ಟು ಆ ಮೂರು ದಿನಗಳ ಮೋಸವನ್ನು ವಿವರಿಸಲಿಲ್ಲ. ವಿಜಯನಗರದ ಸೋಲಿಗೆ ಮೊದಲ ಬಾಗಿಲು ತೆರೆದದ್ದು ಅಲ್ಲಿ ಎಂದು ನನ್ನ ಎಣಿಕೆ.

ಆಮೇಲಿನ ಕಾಲದಲ್ಲಿ ಈ ಸೀಮೆಯ ಪೂರ್ವದ ಅಂಚಿನಲ್ಲಿ ಸುರಪುರದ ಬೇಡ ನಾಯಕರು ಬಲಿತರು. ಅವರ ಪಡೆಯ ರೀತಿಯೇ ಬೇರೆ. ಚಾಕರಿಗೆಂದು ಕೊಟ್ಟ ಹೊಲವನ್ನು ಉತ್ತುಕೊಂಡಿದ್ದವನು ನಾಯಕನ ಕರೆ ಬಂದಾಗ ಬಂದೂಕು ಹಿಡಿದು ಹೊರಡುತ್ತಿದ್ದ. ದಂಡು ಚೆದುರಿದರೆ ಮತ್ತೆ ನೇಗಿಲು. ಪರದೇಶದ ಸೈನ್ಯಗಳು ಮೀಸಲು ಪಡೆ ಎಂದು ಹೆಸರಿಟ್ಟು ಕಟ್ಟಿದ ಏರ್ಪಾಡನ್ನು ಈ ಜನ ಹೆಸರಿಲ್ಲದೆ ಬಾಳಿದ್ದರು. 1705ರ ಫೆಬ್ರವರಿಯಲ್ಲಿ ಔರಂಗಜೇಬನೇ ಖುದ್ದಾಗಿ ಬಂದು ಪಿಡ್ಡನಾಯಕನ ವಾಗಣಗೇರಿಯನ್ನು ಮುತ್ತಿದ. ಅದು ಆ ಬಾದಶಹನ ಕೊನೆಯ ಮುತ್ತಿಗೆ. ಮೊಗಲರು ಹಿಡಿದ ಗುಡ್ಡವನ್ನು ಬೇಡರು ಮರಳಿ ಕಸಿದರು. ಹೊರಗಿನಿಂದ ಮರಾಠರ ಧನಾಜಿ ಜಾಧವ ನೆರವಿಗೆ ಬಂದ. ನಡುವೆ ಬೇಡರು ಸಂಧಿಯ ಮಾತು ಹೂಡಿ, ನಾಯಕನ ತಮ್ಮನನ್ನು ಬಾದಶಹನ ಬಿಡಾರಕ್ಕೆ ಕಳಿಸಿ, ನಾಯಕನಿಗೆ ಹುಚ್ಚು ಹಿಡಿದಿದೆ, ಅವನು ಓಡಿಹೋಗಿದ್ದಾನೆ ಎಂಬ ಸುದ್ದಿ ಹಬ್ಬಿಸಿದರು. ಶತ್ರುವಿನ ಬೇಹನ್ನು ಸುಳ್ಳು ಸುದ್ದಿಯಿಂದ ಕಟ್ಟಿಹಾಕಿದ ಇಂಥ ಚಾತುರ್ಯ ನಮ್ಮ ಇತಿಹಾಸದಲ್ಲಿ ಅಪರೂಪ. ಏಪ್ರಿಲಿನ ಕೊನೆಗೆ ಮೊಗಲರು ಕೋಟೆ ಹೊಕ್ಕಾಗ ಪಿಡ್ಡನಾಯಕ ತನ್ನವರೊಡನೆ ರಾತ್ರಿಯೇ ಪಾರಾಗಿದ್ದ.

ಕಂಪನಿ ಸರಕಾರ ಬಂದ ಮೇಲೂ ನೆಲ ತಣ್ಣಗಾಗಲಿಲ್ಲ. 1824ರಲ್ಲಿ ದಿವಾಕರ ದೀಕ್ಷಿತ ಎಂಬಾತ ಜನ ಕೂಡಿಸಿ ಸಿಂದಗಿಯನ್ನು ಹಿಡಿದು, ಠಾಣೆ ಹೂಡಿ, ಕಂದಾಯ ವಸೂಲಿಗೂ ತೊಡಗಿದ. ಧಾರವಾಡದಿಂದ ದಂಡು ಬಂದು ಆ ದಂಗೆಯನ್ನು ಅಡಗಿಸಿತು. 1858ರಲ್ಲಿ ಸುರಪುರವೂ ಬಿದ್ದಿತು. ಎರಡು ವರ್ಷದ ಬಳಿಕ ಆ ಸಂಸ್ಥಾನವನ್ನು ಬ್ರಿಟಿಷರು ನಿಜಾಮನಿಗೆ ಕೊಟ್ಟರು. ಹೀಗೆ ಭೀಮೆಯ ಆಚೆಗೂ ತಾಳಿಕೋಟೆಯ ಪೂರ್ವಕ್ಕೂ ನಿಜಾಮನ ಗಡಿ ಗಟ್ಟಿಯಾಯಿತು. ಈಚೆಗೆ ಮುಂಬಯಿ ಆಡಳಿತ, ಆಚೆಗೆ ಹೈದರಾಬಾದು. ಬೀಗರು ಎರಡೂ ಕಡೆ.

1947ರ ಆಗಸ್ಟ್ 15ರಂದು ಈಚೆಯ ಊರುಗಳಲ್ಲಿ ತ್ರಿವರ್ಣ ಧ್ವಜ ಹಾರಿತು. ಆಚೆ ಅದನ್ನು ಹಾರಿಸುವುದೇ ಅಪರಾಧವಾಯಿತು. ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಭಾರತದೊಡನೆ ಸೇರಲಿಲ್ಲ. ನವೆಂಬರ್ 29ರ ಯಥಾಸ್ಥಿತಿ ಒಪ್ಪಂದದ ನೆರಳಿನಲ್ಲಿ ಕಾಸಿಂ ರಜ್ವಿಯ ಖಾಸಗಿ ಪಡೆಯಾದ ರಜಾಕಾರರು ಬೆಳೆದರು. ಸಂಸ್ಥಾನದ ವಿಮೋಚನೆಗೆ ಟೊಂಕಕಟ್ಟಿದ ಸ್ಟೇಟ್ ಕಾಂಗ್ರೆಸ್ಸಿನ ಅಧ್ಯಕ್ಷರು ಸ್ವಾಮಿ ರಾಮಾನಂದ ತೀರ್ಥರು. 1903ರ ಅಕ್ಟೋಬರ್ 3ರಂದು ಸಿಂದಗಿಯಲ್ಲಿ ಹುಟ್ಟಿದ ವೆಂಕಟೇಶ ಖೇಡಗೀಕರರೇ ಅವರು. ಈ ಸೀಮೆ ಸ್ವಾತಂತ್ರ್ಯ ಚರಿತ್ರೆಗೆ ಕೊಟ್ಟ ದೊಡ್ಡ ಮಗ ಇವರು. ಸೆರೆಮನೆ ಅವರನ್ನು ನುಂಗಿದ ಮೇಲೆ ಹೋರಾಟ ಗಡಿಗೆ ಬಂತು. ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳು, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರು ಶಿಬಿರ ಹೂಡಿದರು. ಬಿಜಾಪುರ ಜಿಲ್ಲೆಯ ಅಂಚಿನ ಊರುಗಳೂ ಓಡಿಬಂದವರಿಗೆ ಆಸರೆಯಾದವು.

ಶಿಬಿರದ ಹುಡುಗರಿಗೆ ಸಂಬಳವಿರಲಿಲ್ಲ, ಸಮವಸ್ತ್ರವಿರಲಿಲ್ಲ. ರಾತ್ರಿ ಗಡಿ ದಾಟಿ ಸುಂಕ ವಸೂಲಿಯ ಕರೋಡಗಿರಿ ನಾಕೆಗಳನ್ನು ಒಡೆಯುವುದು, ಸರಕಾರದ ವರಮಾನವಾಗಿದ್ದ ಸಿಂದಿ ಮರಗಳನ್ನು ಕಡಿಯುವುದು, ಪೊಲೀಸ್ ಠಾಣೆಗಳ ಮೇಲೆ ಬೀಳುವುದು ಅವರ ಕೆಲಸ. ಇದೆಲ್ಲಕ್ಕೂ ಮೊದಲು ಬೇಹು ಬೇಕು. ನಾಕೆಯಲ್ಲಿ ಬಂದೂಕು ಎಷ್ಟು, ರಜಾಕಾರರ ಟೋಳಿ ಯಾವ ಊರಲ್ಲಿ ಇಳಿದಿದೆ, ಮರಳುವ ಹಾದಿ ಯಾವುದು ಎಂಬುದು ತಿಳಿಯದೆ ಹೊರಟರೆ ಸಾವೇ ಗತಿ. ಆ ನೆಲದವರಾಗಿದ್ದುದೇ ಅವರ ತರಬೇತಿ. ಮುಂಬಯಿ ಪ್ರಾಂತದಲ್ಲಿ ಸ್ವಯಂಸೇವಕರ ಗೃಹರಕ್ಷಕ ದಳ 1946ರ ಡಿಸೆಂಬರಿನಲ್ಲೇ ಹುಟ್ಟಿತ್ತು. ನಾಗರಿಕರ ಪ್ರಾದೇಶಿಕ ಸೇನೆಗೆ ದೇಶ ಕಾನೂನು ಮಾಡಿದ್ದು 1948ರಲ್ಲಿ. ಗಡಿಯ ಹುಡುಗರು ಯಾವ ಕಾನೂನಿಗೂ ಕಾಯಲಿಲ್ಲ.

1948ರ ಮೇ ತಿಂಗಳು ಕರಾಳವಾಯಿತು. ಬೀದರ ಸೀಮೆಯ ಗೋರ್ಟಾದಲ್ಲಿ ಹತ್ಯಾಕಾಂಡ ನಡೆಯಿತು. 22ರಂದು, ಭೀಮೆಯ ಆಚೆ ಇರುವ ಗಾಣಗಾಪುರ ನಿಲ್ದಾಣದಲ್ಲಿ ಮದ್ರಾಸ್-ಮುಂಬಯಿ ರೈಲಿನ ಪ್ರಯಾಣಿಕರ ಮೇಲೆ ರಜಾಕಾರರು ಬಿದ್ದರು. ರಜಾಕಾರರನ್ನು ಎದುರಿಸಿ ಬರೆದ ಪತ್ರಕರ್ತ ಶೋಯೆಬುಲ್ಲಾ ಖಾನ್ ಆಗಸ್ಟಿನಲ್ಲಿ ಹೈದರಾಬಾದಿನ ಬೀದಿಯಲ್ಲಿ ಕೊಲೆಯಾದರು. ಸೆಪ್ಟೆಂಬರ್ 13ರ ನಸುಕಿನಲ್ಲಿ ಭಾರತ ಸೇನೆಯ ಮೇಜರ್ ಜನರಲ್ ಜೆ. ಎನ್. ಚೌಧರಿಯವರ ದಂಡು ಸೊಲ್ಲಾಪುರದ ಕಡೆಯಿಂದ ಒಳನುಗ್ಗಿ ಅಂದೇ ನಳದುರ್ಗವನ್ನು ಹಿಡಿಯಿತು. 17ರಂದು ನಿಜಾಮ ಕದನ ನಿಲ್ಲಿಸಿದ. ಮರುದಿನ ಅವನ ಸೇನಾಪತಿ ಎಲ್ ಇದ್ರೂಸ್ ಶರಣಾದ.

ಗೆಲುವಿನ ಕಥೆಯನ್ನು ಇಲ್ಲಿಗೆ ನಿಲ್ಲಿಸುವುದು ಅನ್ಯಾಯ. ನಂತರದ ವಾರಗಳಲ್ಲಿ ಅಮಾಯಕ ಮುಸಲ್ಮಾನರ ಮೇಲೆ ಸೇಡು ಹರಿಯಿತು. ಭಾರತ ಸರಕಾರ ಕಳಿಸಿದ ಸುಂದರಲಾಲ್ ಸಮಿತಿ ಸತ್ತವರ ಸಂಖ್ಯೆಯನ್ನು 27,000ದಿಂದ 40,000 ಎಂದು ಅಂದಾಜಿಸಿತು. ಹೆಚ್ಚು ನೊಂದ ಜಿಲ್ಲೆಗಳಲ್ಲಿ ಗುಲಬರ್ಗಾ, ಬೀದರ ಸೇರಿದ್ದವು. ಗಡಿಯ ಹುಡುಗರ ತ್ಯಾಗವನ್ನು ಎತ್ತಿ ಹೇಳುವವನು ಈ ಪುಟವನ್ನೂ ಓದಲೇಬೇಕು.

1956ರ ನವೆಂಬರ್ 1ರಂದು ಎರಡೂ ದಂಡೆಯ ಕನ್ನಡಿಗರು ಒಂದೇ ರಾಜ್ಯದವರಾದರು. ಗಡಿ ಶಿಬಿರಗಳಲ್ಲಿದ್ದವರನ್ನು ಕೇಂದ್ರ ಸರಕಾರ ಮುಂದೆ ಸ್ವಾತಂತ್ರ್ಯ ಯೋಧರೆಂದು ಒಪ್ಪಿ ಪಿಂಚಣಿ ಕೊಟ್ಟಿತು. ಆದರೆ ಪಿಂಚಣಿಗೆ ಅರ್ಜಿ ಹಾಕಿದವರ ಹೆಸರು ಕಡತದಲ್ಲಿ ಉಳಿಯಿತೇ ಹೊರತು, ದಾರಿ ತೋರಿದ ಅಂಬಿಗ, ಸುದ್ದಿ ತಂದ ಕುರುಬ, ರಾತ್ರಿ ರೊಟ್ಟಿ ಕಟ್ಟಿಕೊಟ್ಟ ತಾಯಿ ಎಲ್ಲಿಯೂ ದಾಖಲಾಗಲಿಲ್ಲ. ಸೆಪ್ಟೆಂಬರ್ 17ರಂದು ಕಲ್ಯಾಣ ಕರ್ನಾಟಕ ಉತ್ಸವ ಆಚೆ ದಂಡೆಯ ಜಿಲ್ಲೆಗಳಲ್ಲಿ ನಡೆಯುತ್ತದೆ. ಈಚೆ ದಂಡೆಗೆ ಅಂಥ ದಿನವಿಲ್ಲ. ಈ ನಾಲ್ಕು ತಾಲ್ಲೂಕುಗಳ ಕಾಲೇಜುಗಳ ಇತಿಹಾಸ ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳನ್ನು ಭೀಮೆ, ಡೋಣಿಗಳ ದಂಡೆಯ ಊರೂರಿಗೆ ಕಳಿಸಲಿ. ಆ ಕಾಲವನ್ನು ಕಂಡ ಹಿರಿಯರು ಇನ್ನೂ ಇರುವಾಗಲೇ ದಾಖಲಾಗದ ಆ ಹೆಸರುಗಳನ್ನು ಬರೆದುಕೊಳ್ಳಲಿ.